ಆರು ಸಾಲಿನ ಪ್ಯಾಚ್: ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಮೊದಲ ಸಲ ಕೋಡ್ ಕಳಿಸುವ ಬಗೆ

ಮೊದಲ ಸಲ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ಕಳಿಸಿದಾಗ ನಾನು ಬದಲಾಯಿಸಿದ್ದು ಮೂರೇ ಸಾಲು. ಆದರೆ ಕಳಿಸಿದ ಪ್ಯಾಚ್‌ನಲ್ಲಿ 412 ಸಾಲು ಇದ್ದವು. ಸೇವ್ ಮಾಡುವಾಗ ನನ್ನ ಎಡಿಟರ್ ಇಡೀ ಫೈಲನ್ನು ತನಗೆ ಬೇಕಾದಂತೆ ಜೋಡಿಸಿಬಿಟ್ಟಿತ್ತು. ಟ್ಯಾಬ್ ಇದ್ದಲ್ಲೆಲ್ಲ ಸ್ಪೇಸ್ ಬಂದಿತ್ತು. ನಾನು ನೋಡಿಯೇ ಇರಲಿಲ್ಲ. ಪ್ರಾಜೆಕ್ಟ್ ನೋಡಿಕೊಳ್ಳುವವರು, ಅಂದರೆ ಮೇಂಟೇನರ್, ಒಂದೇ ಸಾಲು ಬರೆದರು: "ಇದರಲ್ಲಿ ನಾನು ಯಾವುದನ್ನು ಓದಬೇಕು?" ನಾಚಿಕೆಯಾಗಿ ಎರಡು ದಿನ ಉತ್ತರವನ್ನೇ ಕೊಡಲಿಲ್ಲ. ಆಮೇಲೆ ನಾನೇ ಅದನ್ನು ಮುಚ್ಚಿದೆ.

ಎರಡನೆಯ ಪ್ಯಾಚ್ ಬೇರೊಂದು ಪ್ರಾಜೆಕ್ಟ್‌ಗೆ. ಆರು ಸಾಲು. ಅದು ಸೇರಿತು. ಅದರ ಕೋಡ್ ಬರೆಯಲು ಅರ್ಧ ಗಂಟೆ ಸಾಕಾಯಿತು, ಮಿಕ್ಕಿದ್ದಕ್ಕೆ ಮೂರು ಸಂಜೆ ಹಿಡಿಯಿತು. ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಆ ಮೂರು ಸಂಜೆಗಳ ಕೆಲಸ. ಕೋಡ್ ಬರೆಯುವುದು ನಿಮಗೆ ಅಷ್ಟಿಷ್ಟು ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಟರ್ಮಿನಲ್‌ನಲ್ಲಿ ಕೊಡುವ ಆದೇಶಗಳನ್ನೆಲ್ಲ (ಕಮಾಂಡ್) ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು, ಅದು ನಿಮಗೆ ಗೊತ್ತೇ ಇದೆ.

ಮೊದಲು ಪ್ರಾಜೆಕ್ಟ್ ಆರಿಸಿಕೊಳ್ಳಿ

ಇಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ನೀವು ಬಳಸದ ಪ್ರಾಜೆಕ್ಟ್‌ಗೆ ಕೋಡ್ ಕಳಿಸಬೇಡಿ. ದಿನಾ ಬಳಸುವುದರಲ್ಲಿ ನಿಮಗೆ ಕಿರಿಕಿರಿ ಮಾಡುವ ಒಂದು ತಪ್ಪು ಇದ್ದೇ ಇರುತ್ತದೆ. ಅದರಿಂದ ಶುರು ಮಾಡಿ. ಪ್ರಾಜೆಕ್ಟ್‌ಗಳ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ "ಗುಡ್ ಫಸ್ಟ್ ಇಶ್ಯೂ" ಅನ್ನುವ ಚೀಟಿ ಅಂಟಿಸಿದ ಕೆಲಸಗಳು ಸಿಗುತ್ತವೆ. ಅವು ಹೊಸಬರಿಗೆ ಅಂತಲೇ ಇಟ್ಟವು. ಆದರೆ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಒಂದೊಂದು ಚೀಟಿಯ ಹಿಂದೆ ಹತ್ತಾರು ಜನ "ನನಗೆ ಕೊಡಿ" ಅಂತ ನಿಂತಿರುತ್ತಾರೆ. ಆ ಕ್ಯೂನಲ್ಲಿ ನಿಲ್ಲುವ ಬದಲು ನಿಮ್ಮದೇ ಬಗ್ ಹುಡುಕಿಕೊಳ್ಳುವುದು ಸುಲಭ.

ಕನ್ನಡ ಓದಬಲ್ಲವರಿಗೆ ಇಲ್ಲಿ ಒಂದು ಅನುಕೂಲ ಇದೆ. ತುಂಬಾ ಸಾಫ್ಟ್‌ವೇರ್ ಇಂಗ್ಲಿಷಿನಲ್ಲಿ ಚೆನ್ನಾಗಿ ನಡೆದು ಕನ್ನಡದಲ್ಲಿ ಮುಗ್ಗರಿಸುತ್ತದೆ. ಹುಡುಕಿದರೆ ಪದ ಸಿಗುವುದಿಲ್ಲ, ಪಿಡಿಎಫ್‌ನಲ್ಲಿ ಒತ್ತು ಎಲ್ಲೋ ಹೋಗಿ ಕೂರುತ್ತದೆ, ಅಕಾರಾದಿಯಲ್ಲಿ ಜೋಡಿಸಿ ಅಂದರೆ ಏನೇನೋ ಆಗುತ್ತದೆ. ಇವು ಬರೆದವರ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೂ ಸರಿಯೋ ತಪ್ಪೋ ಅವರಿಗೆ ಗೊತ್ತಾಗುವುದಿಲ್ಲ. ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ನಾನು ಮೊದಲು ತೋರಿಸುವುದು ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡಲು ಇರುವ ಜೆಕ್ವೆರಿ ಐಎಂಇ. ಅದರ ಕೋಡ್ ಗಿಟ್‌ಹಬ್‌ನಲ್ಲಿ ವಿಕಿಮೀಡಿಯದ ಖಾತೆಯಲ್ಲಿದೆ. ಲಿಪ್ಯಂತರ, ಕೆಜಿಪಿ, ಇನ್‌ಸ್ಕ್ರಿಪ್ಟ್ ಹೀಗೆ ಒಂದೊಂದು ಕೀಲಿಮಣೆಗೂ ಒಂದೊಂದು ಸಣ್ಣ ಫೈಲ್. ಎಡಕ್ಕೆ ಒತ್ತಿದ ಕೀಲಿ, ಬಲಕ್ಕೆ ಮೂಡಬೇಕಾದ ಅಕ್ಷರ. ಕೋಡ್ ಓದಲು ಹೆದರುವವರೂ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಪ್ರಾಜೆಕ್ಟ್ ಸಿಕ್ಕ ಮೇಲೆ ಅದು ಜೀವಂತ ಇದೆಯಾ ನೋಡಿ. ಕೊನೆಯ ಕಮಿಟ್, ಅಂದರೆ ಕೋಡ್‌ನಲ್ಲಿ ದಾಖಲಾದ ಬದಲಾವಣೆ, ಯಾವಾಗ ಆಗಿದೆ? ಹೊರಗಿನವರು ಕಳಿಸಿದ ಪ್ಯಾಚ್‌ಗಳಿಗೆ ಉತ್ತರ ಬಂದಿದೆಯಾ? ಎರಡು ವರ್ಷದಿಂದ ಯಾರೂ ಮಾತಾಡದ ಪ್ಯಾಚ್‌ಗಳು ಸಾಲಾಗಿ ಬಿದ್ದಿದ್ದರೆ ನಿಮ್ಮದೂ ಅಲ್ಲೇ ಬೀಳುತ್ತದೆ.

ಲೈಸೆನ್ಸ್ ಫೈಲ್ ನೋಡುವುದನ್ನು ಮರೆಯಬೇಡಿ. ಕೋಡ್ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಎಂಐಟಿ, ಅಪಾಚೆ 2.0, ಜಿಪಿಎಲ್ ಹೀಗೆ ಯಾವುದಾದರೂ ಲೈಸೆನ್ಸ್ ಇರಲೇಬೇಕು. ಇಲ್ಲದಿದ್ದರೆ ಹಕ್ಕೆಲ್ಲ ಬರೆದವರದೇ. ಇನ್ನೊಂದು ಕಾಗದವನ್ನೂ ನೋಡಿ: ನಿಮ್ಮ ಆಫರ್ ಲೆಟರ್. ಕೆಲಸದಲ್ಲಿರುವಾಗ ಬರೆದ ಕೋಡೆಲ್ಲ ಕಂಪನಿಗೆ ಸೇರಿದ್ದು ಅನ್ನುವ ಸಾಲು ಎಷ್ಟೋ ಕಂಪನಿಗಳ ಕಾಗದದಲ್ಲಿರುತ್ತದೆ. ಹಾಗಿದ್ದರೆ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ ಒಪ್ಪಿಗೆ ಪಡೆಯಿರಿ. ಆಫೀಸಿನ ಲ್ಯಾಪ್‌ಟಾಪ್ ಅಂತೂ ಮುಟ್ಟಬೇಡಿ.

ಸಂಖ್ಯೆಗಾಗಿ ಪ್ಯಾಚ್ ಕಳಿಸುವ ಆಸೆಯನ್ನೂ ಇಲ್ಲೇ ಬಿಟ್ಟುಬಿಡಿ. ಡಿಜಿಟಲ್ ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತದೆ. ಇಷ್ಟು ಪ್ಯಾಚ್ ಕಳಿಸಿದರೆ ಒಂದು ಟೀ ಶರ್ಟ್ ಅಂತ ಇತ್ತು. 2020ರಲ್ಲಿ ಜನ ಟೀ ಶರ್ಟ್‌ಗಾಗಿ ಕಂಡಕಂಡ ಪ್ರಾಜೆಕ್ಟ್‌ನ ರೀಡ್‌ಮಿ ಫೈಲ್‌ಗೆ ಒಂದೆರಡು ಪದ ಸೇರಿಸಿ ಕಳಿಸಿದರು. ಮೇಂಟೇನರ್‌ಗಳು ರೇಗಿದರು. ಅದೇ ತಿಂಗಳಲ್ಲಿ ನಿಯಮ ಬದಲಾಯಿತು: ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ. ಆ ಗಲಾಟೆಯಲ್ಲಿ ನಮ್ಮ ದೇಶದ ಹುಡುಗರ ಪಾಲು ಕಡಿಮೆ ಇರಲಿಲ್ಲ.

ಬಗ್ಗನ್ನು ಕೈಯಲ್ಲಿ ಹಿಡಿದು ನೋಡಿ

ನನ್ನ ಬಗ್ ಇದ್ದದ್ದು ಟಿಪ್ಪಣಿ ಬರೆದಿಟ್ಟುಕೊಳ್ಳುವ ಒಂದು ಸಣ್ಣ ಆಪ್‌ನಲ್ಲಿ. ಮನೆಯ ಪಟ್ಟಿ, ಲೆಕ್ಕ ಎಲ್ಲ ಅದರಲ್ಲೇ ಇಡುತ್ತೇನೆ. ಟಿಪ್ಪಣಿಯ ಹೆಸರು ಉದ್ದವಾದರೆ ಆಪ್ ಅದನ್ನು 20ಕ್ಕೆ ಕತ್ತರಿಸಿ ಮುಂದೆ ಮೂರು ಚುಕ್ಕಿ ಇಡುತ್ತಿತ್ತು. ಒಂದು ದಿನ "ದೀಪಾವಳಿಯ ಸಾಮಾನಿನ ಪಟ್ಟಿ" ಅಂತ ಬರೆದೆ. ತೆರೆಯ ಮೇಲೆ "ದೀಪಾವಳಿಯ ಸಾಮಾನಿನ ಪಟ್…" ಅಂತ ಬಂತು. ಪಟ್ ಅಂತ ಏನು ಒಡೆಯಿತು ಅಂತ ಮನೆಯಲ್ಲಿ ನಕ್ಕರು. ಇನ್ನೊಂದು ಟಿಪ್ಪಣಿ "ಅಮ್ಮನ ಮನೆಯ ಸಾರಿನ ಪುಡಿ". ಅದು "ಪುಡ…" ಆಗಿತ್ತು. ಡಿಯ ಗುಡಿಸು ಮಾಯ.

ಎಣಿಸಿ ನೋಡಿದೆ. ನಾವು ಶಾಲೆಯಲ್ಲಿ ಕಲಿತಂತೆ ಎಣಿಸಿದರೆ "ಪಟ್ಟಿ" ಎರಡು ಅಕ್ಷರ. ಕಂಪ್ಯೂಟರ್ ಐದು ಎಣಿಸುತ್ತದೆ: ಪ, ಟ, ಅರ್ಧಾಕ್ಷರದ ಗುರುತು, ಇನ್ನೊಂದು ಟ, ಗುಡಿಸು. ಆ ಅರ್ಧಾಕ್ಷರದ ಗುರುತಿಗೆ, ಎಲ್ಲ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ, ವಿರಾಮ ಅನ್ನುತ್ತಾರೆ. ಹೀಗೆ ಎಣಿಸಿದರೆ ದೀಪಾವಳಿಯ ಪಟ್ಟಿಯ ಹೆಸರು ಒಟ್ಟು 22. ಅದರಲ್ಲಿ ಸರಿಯಾಗಿ 20ನೆಯದು ವಿರಾಮ. ಅಲ್ಲಿಗೆ ಕತ್ತರಿ ಬಿದ್ದರೆ ಮುಂದಿನ ಟಿ ಹೋಗಿ "ಪಟ್" ಮಾತ್ರ ಉಳಿಯುತ್ತದೆ. ಸಾರಿನ ಪುಡಿಯದು 21. ಕೊನೆಯ ಗುಡಿಸು ಒಂದೇ ಹೊರಗೆ ಬಿತ್ತು.

ಈ ಲೆಕ್ಕ ನನಗೆ ಪ್ಯಾಚ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂತು. "ಆಪ್‌ನಲ್ಲಿ ಕನ್ನಡ ಸರಿಯಿಲ್ಲ" ಅಂದರೆ ಯಾರೂ ಏನೂ ಮಾಡಲಾರರು. "22ರಲ್ಲಿ 20ನೆಯದರ ಮೇಲೆ ಕತ್ತರಿ ಬೀಳುತ್ತಿದೆ, ಅದು ವಿರಾಮ" ಅಂದರೆ ಕನ್ನಡ ಬಾರದವರಿಗೂ ಅರ್ಥವಾಗುತ್ತದೆ. ನಿಮ್ಮ ಬಗ್ಗನ್ನೂ ಇಷ್ಟು ಸಣ್ಣದು ಮಾಡಿ. ಬೇಡದ್ದನ್ನೆಲ್ಲ ತೆಗೆಯುತ್ತಾ ಹೋಗಿ. ಇನ್ನೇನು ತೆಗೆದರೂ ತಪ್ಪೇ ಕಾಣುವುದಿಲ್ಲ ಅನ್ನುವಲ್ಲಿಗೆ ನಿಲ್ಲಿಸಿ.

ಹಾಗೇ ಹೊಸ ಆವೃತ್ತಿಯಲ್ಲೂ ಬಗ್ ಇದೆಯಾ ನೋಡಿ. ಮೊದಲೇ ಯಾರಾದರೂ ಹೇಳಿದ್ದಾರಾ ಅಂತ ಇಶ್ಯೂ ಪಟ್ಟಿಯಲ್ಲಿ, ಅಂದರೆ ತಪ್ಪು ಮತ್ತು ಬೇಡಿಕೆಗಳನ್ನು ಬರೆದಿಡುವ ಕಡೆ, ಹುಡುಕಿ. ಮುಚ್ಚಿದ ಇಶ್ಯೂಗಳನ್ನೂ ಸೇರಿಸಿ ಹುಡುಕಿ. ನನ್ನದಕ್ಕೆ ಹತ್ತಿರದ ಒಂದು ಅಲ್ಲಿತ್ತು: ಎಮೋಜಿ ಅರ್ಧಕ್ಕೆ ಕತ್ತರಿಸುತ್ತದೆ ಅಂತ ಯಾರೋ ಬರೆದಿದ್ದರು.

ಕೋಡ್ ಮುಟ್ಟುವ ಮೊದಲು ಮಾತಾಡಿ

ಕಾಗುಣಿತದ ತಪ್ಪು ತಿದ್ದಲು ಯಾರನ್ನೂ ಕೇಳಬೇಕಿಲ್ಲ. ಅದಕ್ಕಿಂತ ದೊಡ್ಡದಾದರೆ ಮೊದಲು ಇಶ್ಯೂ ತೆರೆಯಿರಿ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಯಾವ ಆವೃತ್ತಿ. ಇಷ್ಟು ಸಾಕು. ಕನ್ನಡ ಪಠ್ಯವನ್ನು ಪಠ್ಯವಾಗಿಯೇ ಹಾಕಿ, ಜೊತೆಗೆ ಸ್ಕ್ರೀನ್‌ಶಾಟ್ ಇರಲಿ. ಬರೀ ಚಿತ್ರ ಹಾಕಿದರೆ ಅವರು ಕಾಪಿ ಮಾಡಿ ನೋಡುವುದಕ್ಕೆ ಆಗುವುದಿಲ್ಲ. ಕೊನೆಗೆ ಒಂದು ಸಾಲು: ಇದನ್ನು ಹೀಗೆ ಸರಿಮಾಡಬಹುದು ಅನ್ನಿಸುತ್ತದೆ, ಒಪ್ಪಿಗೆಯಾದರೆ ನಾನೇ ಪ್ಯಾಚ್ ಕಳಿಸುತ್ತೇನೆ.

ಇಂಗ್ಲಿಷ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಬರೆಯುವ ಎಷ್ಟೋ ಜನರದ್ದು ಮನೆಮಾತು ಬೇರೆಯೇ. ಸಣ್ಣ ವಾಕ್ಯ ಬರೆದರೆ ಆಯಿತು. ಇನ್ನೊಂದು ವಿಷಯ, ಅಲ್ಲಿ "ಸರ್" ಬೇಡ. ನಮಗೆ ಕಾಲೇಜಿನಿಂದ ಬಂದ ಅಭ್ಯಾಸ ಅದು. ಎದುರಿನವರು ಗಂಡಸೋ ಹೆಂಗಸೋ, ಹದಿನೇಳು ವರ್ಷದವರೋ ಎಪ್ಪತ್ತರವರೋ ಗೊತ್ತಿರುವುದಿಲ್ಲ. ಅವರ ಖಾತೆಯ ಹೆಸರು ಹಿಡಿದು ಕರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಇಶ್ಯೂಗೆ ನಾಲ್ಕನೇ ದಿನ ಉತ್ತರ ಬಂತು: ಪ್ಯಾಚ್ ಕಳಿಸಿ, ಆದರೆ 20ರ ಮಿತಿಯನ್ನು ಮುಟ್ಟಬೇಡಿ, ಫೋನ್ ತೆರೆಗೆ ಅಳೆದು ಇಟ್ಟಿದ್ದೇವೆ. ಕೇಳದಿದ್ದರೆ ನಾನು ಮಿತಿಯನ್ನೇ ಬದಲಾಯಿಸುತ್ತಿದ್ದೆ.

ಕೋಡನ್ನು ಮನೆಗೆ ತನ್ನಿ, ಓಡಿಸಿ

ಕೋಡ್‌ನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್ ಬೇಕು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆ ಅಂತ ಬರೆದ ಸಾಫ್ಟ್‌ವೇರ್ ಅದು. ಈಗ ಎಲ್ಲ ಕಡೆ ಅದೇ. ವಿಂಡೋಸ್‌ನಲ್ಲಿದ್ದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಹಾಕಿಕೊಳ್ಳಿ, ಮುಂದಿನ ಅರ್ಧ ತಲೆನೋವು ತಪ್ಪುತ್ತದೆ.

ಕ್ರಮ ಹೀಗಿದೆ. ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟ್ ಪುಟದ ಮೇಲಿರುವ ಫೋರ್ಕ್ ಗುಂಡಿ ಒತ್ತಿ. ಇಡೀ ಪ್ರಾಜೆಕ್ಟ್‌ನ ಒಂದು ನಕಲು ನಿಮ್ಮ ಖಾತೆಗೆ ಬರುತ್ತದೆ. ಆ ನಕಲನ್ನು ಗಿಟ್ ಕ್ಲೋನ್ ಮಾಡಿ ನಿಮ್ಮ ಕಂಪ್ಯೂಟರಿಗೆ ಇಳಿಸಿ. ಆಮೇಲೆ ಮೂಲ ಪ್ರಾಜೆಕ್ಟ್‌ನ ವಿಳಾಸವನ್ನೂ ಸೇರಿಸಿಡಿ: ಗಿಟ್ ರಿಮೋಟ್ ಆ್ಯಡ್ ಅಪ್‌ಸ್ಟ್ರೀಮ್, ಮುಂದೆ ವಿಳಾಸ. ನಿಮ್ಮ ನಕಲಿಗೆ ಒರಿಜಿನ್ ಅನ್ನುತ್ತಾರೆ, ಮೂಲಕ್ಕೆ ಅಪ್‌ಸ್ಟ್ರೀಮ್. ಕಳಿಸುವುದು ಒರಿಜಿನ್‌ಗೆ, ಹೊಸದನ್ನು ತರುವುದು ಅಪ್‌ಸ್ಟ್ರೀಮ್‌ನಿಂದ. ಇದೊಂದು ತಲೆಯಲ್ಲಿದ್ದರೆ ಗಿಟ್‌ನ ಗೊಂದಲ ಅರ್ಧ ಇಳಿಯುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಹೊಸಬರು ಸಿಕ್ಕಿಬೀಳುವುದು ಜಾಸ್ತಿ. ಕೋಡ್ ಕಳಿಸುವಾಗ ಟರ್ಮಿನಲ್ ಪಾಸ್‌ವರ್ಡ್ ಕೇಳುತ್ತದೆ, ಸರಿಯಾಗಿಯೇ ಹಾಕುತ್ತೀರಿ, ಆದರೂ ಆಗುವುದಿಲ್ಲ ಅನ್ನುತ್ತದೆ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಅಲ್ಲಿ ಖಾತೆಯ ಪಾಸ್‌ವರ್ಡ್ ಒಪ್ಪುವುದನ್ನೇ ನಿಲ್ಲಿಸಿದೆ. ಅದರ ಬದಲು ಗಿಟ್‌ಹಬ್‌ನಲ್ಲಿ ಮಾಡಿಕೊಳ್ಳುವ ಟೋಕನ್ ಬೇಕು, ಇಲ್ಲವೇ ನಿಮ್ಮ ಕಂಪ್ಯೂಟರನ್ನು ಗುರುತಿಸುವ ಎಸ್ಎಸ್ಎಚ್ ಕೀ. ಎಸ್ಎಸ್ಎಚ್ ಕೀ ಒಮ್ಮೆ ಮಾಡಿಟ್ಟರೆ ಮತ್ತೆ ಆ ಕಡೆ ನೋಡಬೇಕಿಲ್ಲ. ಹಾಗೇ ಈಮೇಲ್ ವಿಷಯ. ಪ್ರತಿ ಕಮಿಟ್‌ನಲ್ಲೂ ನಿಮ್ಮ ಈಮೇಲ್ ಅಚ್ಚಾಗುತ್ತದೆ, ಎಲ್ಲರಿಗೂ ಕಾಣುತ್ತದೆ, ಆಮೇಲೆ ಅಳಿಸಲು ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬೇಡ ಅನ್ನಿಸಿದರೆ ಗಿಟ್‌ಹಬ್ ಕೊಡುವ ನೋ ರಿಪ್ಲೈ ವಿಳಾಸವನ್ನು ಗಿಟ್ ಕಾನ್ಫಿಗ್‌ನಲ್ಲಿ ಹಾಕಿ.

ಈಗ ಒಂದು ಅಕ್ಷರವನ್ನೂ ಬದಲಾಯಿಸದೆ ಪ್ರಾಜೆಕ್ಟನ್ನು ಬಿಲ್ಡ್ ಮಾಡಿ, ಟೆಸ್ಟ್‌ಗಳನ್ನು ಓಡಿಸಿ. ಹೇಗೆ ಅಂತ ಕಾಂಟ್ರಿಬ್ಯೂಟಿಂಗ್ ಅನ್ನುವ ಫೈಲ್‌ನಲ್ಲಿ ಬರೆದಿರುತ್ತಾರೆ. ಅದನ್ನು ಮೊದಲಿಂದ ಕೊನೆವರೆಗೆ ಓದಿ, ಪ್ಲೀಸ್. ಒಂದು ಸಂಜೆ ನನಗೆ ಇಲ್ಲೇ ಕಳೆಯಿತು. ನನ್ನ ಕಂಪ್ಯೂಟರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಹಳೆಯದು, ಪ್ರಾಜೆಕ್ಟ್‌ಗೆ ಹೊಸದು ಬೇಕಿತ್ತು. ಮೊದಲೇ ಓಡಿಸಿ ನೋಡುವುದರಿಂದ ಒಂದು ಲಾಭ ಇದೆ: ನಾಳೆ ಟೆಸ್ಟ್ ಬಿದ್ದರೆ ಅದು ನಿಮ್ಮಿಂದಲೋ ಮೊದಲೇ ಬಿದ್ದಿತ್ತೋ ಗೊತ್ತಾಗುತ್ತದೆ. ಕಾಂಟ್ರಿಬ್ಯೂಟಿಂಗ್ ಫೈಲ್‌ನಲ್ಲಿ ಹೇಳಿದ ಹಾಗೆ ಮಾಡಿಯೂ ಬಿಲ್ಡ್ ಆಗದಿದ್ದರೆ, ಆ ಫೈಲನ್ನು ತಿದ್ದುವುದೇ ನಿಮ್ಮ ಮೊದಲ ಪ್ಯಾಚ್ ಆಗಬಹುದು.

ಬ್ರಾಂಚ್ ಮಾಡಿ, ಜಾಗ ಹುಡುಕಿ, ತಿದ್ದಿ

ಬ್ರಾಂಚ್ ಅಂದರೆ ಅದೇ ಕೋಡ್‌ನ ಒಂದು ಕವಲು. ಮೇನ್ ಬ್ರಾಂಚ್‌ನಲ್ಲಿ ಕೆಲಸ ಮಾಡಬೇಡಿ. ಗಿಟ್ ಸ್ವಿಚ್ ಮೈನಸ್ ಸಿ ಕೊಟ್ಟು ಹೊಸ ಬ್ರಾಂಚ್ ಮಾಡಿ, ಕೆಲಸಕ್ಕೆ ತಕ್ಕ ಹೆಸರಿಡಿ. ಒಂದು ಬಗ್‌ಗೆ ಒಂದು ಬ್ರಾಂಚ್.

ದೊಡ್ಡ ಪ್ರಾಜೆಕ್ಟನ್ನು ಪೂರ್ತಿ ಅರ್ಥ ಮಾಡಿಕೊಂಡು ಆಮೇಲೆ ಶುರು ಮಾಡುತ್ತೇನೆ ಅಂದರೆ ಶುರುವೇ ಆಗುವುದಿಲ್ಲ. ತೆರೆಯ ಮೇಲೆ ಕಾಣುವ ಯಾವುದಾದರೂ ಒಂದು ಪದ ಹಿಡಿದು ಗಿಟ್ ಗ್ರೆಪ್ ಮಾಡಿ, ಅದು ಎಲ್ಲ ಫೈಲ್‌ಗಳಲ್ಲೂ ಹುಡುಕುತ್ತದೆ. ನಾನು ಹುಡುಕಿದ್ದು ಆ ಮೂರು ಚುಕ್ಕಿ. ಮೂರು ಕಡೆ ಸಿಕ್ಕಿತು, ಎರಡನೆಯದೇ ನನಗೆ ಬೇಕಾದದ್ದು. ಆಮೇಲೆ ಗಿಟ್ ಬ್ಲೇಮ್ ಮಾಡಿ ಆ ಸಾಲು ಯಾವಾಗ, ಯಾಕೆ ಬಂತು ನೋಡಿದೆ. ಹೆಸರು ಹಾಗಿದ್ದರೂ ಅದು ಯಾರನ್ನೂ ಬೈಯುವ ಆದೇಶ ಅಲ್ಲ.

ತಿದ್ದುವ ಮೊದಲು ಟೆಸ್ಟ್ ಬರೆಯಿರಿ. ದೀಪಾವಳಿಯ ಪಟ್ಟಿಯನ್ನೇ ಟೆಸ್ಟ್ ಮಾಡಿದೆ. ಓಡಿಸಿದೆ. ಬಿತ್ತು. ಬೀಳಲೇಬೇಕಿತ್ತು, ಅಲ್ವಾ? ಬೀಳದ ಟೆಸ್ಟ್ ಏನನ್ನೂ ಸಾಬೀತು ಮಾಡುವುದಿಲ್ಲ.

ಸರಿಮಾಡುವುದಕ್ಕೆ ಮೊದಲು ಹೊಳೆದದ್ದು ಬ್ರೌಸರ್‌ನಲ್ಲೇ ಇರುವ ಸೆಗ್ಮೆಂಟರ್. ಪಠ್ಯವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಒಡೆಯುವುದು ಅದರ ಕೆಲಸ. "ಡಿ"ಯನ್ನು ಅದು ಒಡೆಯುವುದಿಲ್ಲ. ಆದರೆ "ಟ್ಟಿ"ಯನ್ನು "ಟ್", "ಟಿ" ಅಂತ ಎರಡು ಮಾಡುತ್ತದೆ. 2023ರಲ್ಲಿ ಬಂದ ಯುನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಂದೇ ಅಂತ ಎಣಿಸುವ ನಿಯಮ ಸೇರಿಸಿದರು. ದೇವನಾಗರಿ, ತೆಲುಗು, ಮಲಯಾಳಂ ಎಲ್ಲ ಅದರಲ್ಲಿದ್ದವು. ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಸಿಕ್ಕಿ ನಮಗೆ ಸಿಗದಿದ್ದದ್ದು ನೋಡಿ ಸ್ವಲ್ಪ ಹೊಟ್ಟೆ ಉರಿಯಿತು.

ಹಾಗಾಗಿ ಕೈಯಲ್ಲೇ ಬರೆದೆ. ಯೋಚನೆ ಇಷ್ಟೇ: ಕತ್ತರಿಯನ್ನು 20ರ ಮೇಲೆ ಇಡು. ಕತ್ತರಿಯ ಬಲಕ್ಕೆ ಇರುವುದು ಗುಡಿಸು, ಕೊಂಬು, ವಿರಾಮದಂಥ ಗುರುತಾಗಿದ್ದರೆ ಒಂದು ಹೆಜ್ಜೆ ಹಿಂದೆ ಬಾ. ಎಡಕ್ಕೆ ವಿರಾಮ ಇದ್ದರೂ ಒಂದು ಹೆಜ್ಜೆ ಹಿಂದೆ ಬಾ. ಎರಡೂ ಇಲ್ಲದ ಕಡೆ ಕತ್ತರಿಸು. ದೀಪಾವಳಿಯ ಪಟ್ಟಿಯಲ್ಲಿ ಕತ್ತರಿ ಎರಡು ಹೆಜ್ಜೆ ಹಿಂದೆ ಬಂದು "ಪ" ಆದ ಮೇಲೆ ನಿಂತಿತು. "ಸಾಮಾನಿನ ಪ…" ನೋಡಲು ಅಂಥ ಚೆಂದ ಏನಿಲ್ಲ. ಆದರೆ ಅಕ್ಷರ ಒಡೆದಿಲ್ಲ. ಟೆಸ್ಟ್ ಪಾಸಾಯಿತು.

ಅಲ್ಲೇ ಪಕ್ಕದಲ್ಲಿ ಇನ್ನೊಂದು ಫಂಕ್ಷನ್‌ನ ಹೆಸರು ತಪ್ಪಾಗಿತ್ತು. ಕೈ ತುರಿಸಿತು. ಮುಟ್ಟಲಿಲ್ಲ. ಅದು ಬೇರೆ ಪ್ಯಾಚ್.

ಕಮಿಟ್ ಮಾಡುವ ಮೊದಲು ಓದುವವರಾಗಿ ಕೂತು ನೋಡಿ

ನನ್ನ 412 ಸಾಲಿನ ಕಥೆ ನಡೆದದ್ದು ಈ ಹೆಜ್ಜೆಯನ್ನು ಹಾರಿಸಿದ್ದಕ್ಕೆ. ಗಿಟ್ ಡಿಫ್ ಕೊಟ್ಟು ಬದಲಾದ ಪ್ರತಿ ಸಾಲೂ ಓದಿ. ಪ್ರತಿ ಸಾಲಿಗೂ "ಇದು ಯಾಕೆ ಇಲ್ಲಿದೆ" ಅಂತ ಕೇಳಿಕೊಳ್ಳಿ. ಉತ್ತರ ಇಲ್ಲದ ಸಾಲು ಹೊರಗೆ. ಡೀಬಗ್ ಮಾಡಲು ಹಾಕಿದ್ದ ಕನ್ಸೋಲ್ ಲಾಗ್ ಒಂದಾದರೂ ಉಳಿದಿರುತ್ತದೆ. ಎಡಿಟರ್‌ನಲ್ಲಿ ಸೇವ್ ಮಾಡುವಾಗ ತಾನಾಗಿ ಫಾರ್ಮ್ಯಾಟ್ ಮಾಡುವ ಸೌಲಭ್ಯವನ್ನು ಈ ಪ್ರಾಜೆಕ್ಟ್‌ಗೆ ನಿಲ್ಲಿಸಿಬಿಡಿ, ಅಥವಾ ಪ್ರಾಜೆಕ್ಟ್ ಹೇಳುವ ಫಾರ್ಮ್ಯಾಟರನ್ನೇ ಬಳಸಿ. ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಗುರುತು ಬೇರೆ, ಲಿನಕ್ಸ್‌ನಲ್ಲಿ ಬೇರೆ. ಒಂದಕ್ಷರ ಬದಲಾಯಿಸಿದರೂ ಇಡೀ ಫೈಲ್ ಬದಲಾದಂತೆ ಕಂಡರೆ ಕಾರಣ ಹೆಚ್ಚಾಗಿ ಅದೇ. ಗಿಟ್ ಆ್ಯಡ್ ಮೈನಸ್ ಪಿ ಕೊಟ್ಟರೆ ಒಂದೊಂದೇ ತುಂಡು ತೋರಿಸಿ ಬೇಕಾ ಬೇಡವಾ ಕೇಳುತ್ತದೆ. ನಾನೀಗ ಬೇರೆ ರೀತಿ ಆ್ಯಡ್ ಮಾಡುವುದೇ ಇಲ್ಲ.

ಕಮಿಟ್ ಸಂದೇಶದ ಮೊದಲ ಸಾಲು 50 ಅಕ್ಷರದ ಆಸುಪಾಸು ಇರಲಿ. ಆಮೇಲೆ ಒಂದು ಖಾಲಿ ಸಾಲು. ಕೆಳಗೆ ಯಾಕೆ ಬದಲಾಯಿಸಿದೆ ಅನ್ನುವುದು, ಸಾಲಿಗೆ 72 ಅಕ್ಷರದೊಳಗೆ. ಏನು ಬದಲಾಯಿಸಿದೆ ಅಂತ ಕೋಡೇ ಹೇಳುತ್ತದೆ, ಯಾಕೆ ಅನ್ನುವುದನ್ನು ಹೇಳುವುದಿಲ್ಲ. ನನ್ನ ಸಂದೇಶದ ಸಾರ ಇದು: "ಹೆಸರು ಕತ್ತರಿಸುವಾಗ ಒತ್ತಕ್ಷರ ಒಡೆಯಬೇಡ. ಕನ್ನಡದಲ್ಲಿ ವಿರಾಮ ಆದ ಮೇಲೆ ಬರುವ ವ್ಯಂಜನ ಹಿಂದಿನದಕ್ಕೆ ಸೇರಿದ್ದು. 20ನೆಯದು ವಿರಾಮವಾದರೆ ಅರ್ಧ ಅಕ್ಷರ ಉಳಿಯುತ್ತಿತ್ತು."

ಕೆಲವು ಪ್ರಾಜೆಕ್ಟ್‌ಗಳು ಕಮಿಟ್‌ಗೆ ಸಹಿ ಕೇಳುತ್ತವೆ. ಗಿಟ್ ಕಮಿಟ್ ಮೈನಸ್ ಎಸ್ ಕೊಟ್ಟರೆ "ಸೈನ್ಡ್ ಆಫ್ ಬೈ" ಅಂತ ನಿಮ್ಮ ಹೆಸರಿನ ಸಾಲು ಸೇರುತ್ತದೆ. ಈ ಕೋಡ್ ಕೊಡುವ ಹಕ್ಕು ನನಗಿದೆ ಅನ್ನುವ ಮಾತು ಅದು. ಲಿನಕ್ಸ್ ಕರ್ನಲ್ 2004ರಲ್ಲಿ ಈ ಪದ್ಧತಿ ತಂದಿತು. ಗೂಗಲ್‌ನಂಥ ಕಂಪನಿಗಳ ಪ್ರಾಜೆಕ್ಟ್‌ಗಳಲ್ಲಿ ಸಿಎಲ್ಎ ಅನ್ನುವ ಒಪ್ಪಂದಕ್ಕೆ ಒಮ್ಮೆ ಒಪ್ಪಿಗೆ ಒತ್ತಬೇಕು. ಓದಿ ಒತ್ತಿ.

ಎಐ ಬರೆದ ಕೋಡ್ ಬಗ್ಗೆಯೂ ಪ್ರಾಜೆಕ್ಟ್‌ನ ನಿಯಮ ನೋಡಿ. ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂಗಳು 2024ರಲ್ಲೇ ಅದನ್ನು ಬೇಡ ಅಂದವು. ಒಪ್ಪುವ ಪ್ರಾಜೆಕ್ಟ್‌ಗಳೂ ಇವೆ. ಒಪ್ಪಿದರೂ, ನಿಮಗೇ ವಿವರಿಸಲು ಬಾರದ ಸಾಲನ್ನು ಇನ್ನೊಬ್ಬರಿಗೆ ಓದಲು ಕಳಿಸಬೇಡಿ. ರಿವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಕಳಿಸಿ, ಕಾಯಿರಿ

ಗಿಟ್ ಪುಶ್ ಮಾಡಿ ಬ್ರಾಂಚನ್ನು ನಿಮ್ಮ ನಕಲಿಗೆ ಕಳಿಸಿ. ಗಿಟ್‌ಹಬ್ ತಾನೇ "ಪುಲ್ ರಿಕ್ವೆಸ್ಟ್ ತೆರೆಯಲೇ?" ಅಂತ ಕೇಳುತ್ತದೆ. ಪುಲ್ ರಿಕ್ವೆಸ್ಟ್ ಅಂದರೆ ನನ್ನ ಬದಲಾವಣೆಯನ್ನು ಮೂಲಕ್ಕೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ. ವಿವರಣೆಯಲ್ಲಿ ಬಗ್ ಏನು, ಹೇಗೆ ಸರಿಮಾಡಿದೆ, ಹೇಗೆ ಪರೀಕ್ಷೆ ಮಾಡಿದೆ ಬರೆಯಿರಿ. ಮೊದಲಿನ ಮತ್ತು ಈಗಿನ ಚಿತ್ರ ಪಕ್ಕಪಕ್ಕ ಹಾಕಿದರೆ ಕನ್ನಡ ಬಾರದವರಿಗೆ ದೊಡ್ಡ ಉಪಕಾರ. "ಫಿಕ್ಸಸ್" ಅಂತ ಬರೆದು ಮುಂದೆ ಇಶ್ಯೂ ಸಂಖ್ಯೆ ಹಾಕಿದರೆ ಪ್ಯಾಚ್ ಸೇರಿದ ದಿನ ಇಶ್ಯೂ ತಾನಾಗಿ ಮುಚ್ಚುತ್ತದೆ.

ತಾನಾಗಿ ಓಡುವ ಟೆಸ್ಟ್‌ಗಳು ಮೊದಲ ಸಲ ಓಡದೆ ಸುಮ್ನೆ ಕೂತಿರಬಹುದು. ಗಾಬರಿ ಬೇಡ. ಹೊಸಬರ ಪ್ಯಾಚ್‌ಗೆ ಮೇಂಟೇನರ್ ಒಪ್ಪಿಗೆ ಒತ್ತಿದ ಮೇಲೆ ಅವು ಓಡುತ್ತವೆ.

ಆಮೇಲೆ ಕಾಯುವುದು. ಮೇಂಟೇನರ್‌ಗಳಲ್ಲಿ ಹೆಚ್ಚಿನವರು ಸಂಬಳ ಇಲ್ಲದೆ, ಮಕ್ಕಳು ಮಲಗಿದ ಮೇಲೆ ಈ ಕೆಲಸ ಮಾಡುವವರು. ಎರಡು ವಾರ ಬಿಟ್ಟು ಒಂದು ಸಲ ವಿನಯವಾಗಿ ಕೇಳಿ. ದಿನಾ ಕೇಳಬೇಡಿ.

ನನ್ನದಕ್ಕೆ ಒಂಬತ್ತನೇ ದಿನ ಉತ್ತರ ಬಂತು. ರಿವ್ಯೂ ಮಾಡಿದವರಿಗೆ ಕನ್ನಡದ ಒಂದಕ್ಷರವೂ ಬಾರದು. ಅವರ ಪ್ರಶ್ನೆ: "ಈ ಗುರುತಿನಲ್ಲೇ ಮುಗಿಯುವ ಪದಗಳು ನಿಮ್ಮ ಭಾಷೆಯಲ್ಲಿ ಇಲ್ಲವೇ?"

ತಲೆ ಚಚ್ಚಿಕೊಂಡೆ. ಬಸ್. ಪೆನ್. ಬ್ಯಾಂಕ್. "ಬಸ್ ಪಾಸ್" ಅನ್ನುವ ಹೆಸರಿನಲ್ಲಿ ಕತ್ತರಿ "ಬಸ್" ಆದ ಮೇಲೆ ಬಿದ್ದರೆ ಎಡಕ್ಕೆ ವಿರಾಮ ಇದೆ. ನನ್ನ ಕೋಡ್ ಹಿಂದೆ ಸರಿದು "ಬ" ಮಾತ್ರ ಉಳಿಸುತ್ತಿತ್ತು. ಎಡಕ್ಕೆ ವಿರಾಮ ಇದ್ದು, ಬಲಕ್ಕೂ ಅಕ್ಷರವೇ ಇದ್ದರೆ ಮಾತ್ರ ಹಿಂದೆ ಬರಬೇಕಿತ್ತು. ಬಲಕ್ಕೆ ಖಾಲಿ ಜಾಗ ಇದ್ದರೆ ಪದ ಅಲ್ಲಿಗೆ ಮುಗಿದಿದೆ. ಒಂದು ಶರತ್ತು ಸೇರಿಸಿದೆ, ಬಸ್ಸಿಗೂ ಒಂದು ಟೆಸ್ಟ್ ಬರೆದೆ. ನಾಲ್ಕು ಸಾಲಿದ್ದ ಪ್ಯಾಚ್ ಆರಾದದ್ದು ಹೀಗೆ. ಟೆಸ್ಟ್‌ಗಳ ಸಾಲು ಈ ಲೆಕ್ಕದಲ್ಲಿಲ್ಲ.

ರಿವ್ಯೂ ಅಂದರೆ ಹೀಗೆ. ಕೆಲವು ಮಾತು ಒರಟಾಗಿ ಕೇಳಬಹುದು, ಬರಹದಲ್ಲಿ ದನಿ ಕಾಣುವುದಿಲ್ಲವಲ್ಲ. ಪ್ರತಿ ಮಾತಿಗೂ ಒಂದು ಉತ್ತರ ಕೊಡಿ: ಮಾಡಿದೆ, ಅಥವಾ ಇಂಥ ಕಾರಣಕ್ಕೆ ಬೇಡ ಅನ್ನಿಸಿತು. ತಿದ್ದಿದ್ದನ್ನು ಅದೇ ಬ್ರಾಂಚ್‌ಗೆ ಪುಶ್ ಮಾಡಿದರೆ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ ಕಾಣುತ್ತದೆ. ಹೊಸದು ತೆರೆಯಬೇಡಿ. ಅಷ್ಟರಲ್ಲಿ ಮೂಲ ಕೋಡ್ ಬದಲಾಗಿ ಕಾನ್‌ಫ್ಲಿಕ್ಟ್ ಬಂದರೆ, ಅಂದರೆ ಒಂದೇ ಜಾಗವನ್ನು ಇಬ್ಬರೂ ಬದಲಾಯಿಸಿದ್ದರೆ, ಗಿಟ್ ಫೆಚ್ ಅಪ್‌ಸ್ಟ್ರೀಮ್, ಆಮೇಲೆ ನಿಮ್ಮ ಬದಲಾವಣೆಯನ್ನು ಹೊಸ ಕೋಡ್‌ನ ಮೇಲೆ ಕೂರಿಸುವ ಗಿಟ್ ರೀಬೇಸ್. ಎರಡೂ ಕಡೆಯ ಸಾಲುಗಳನ್ನು ತೋರಿಸುತ್ತದೆ, ಸರಿಯಾದದ್ದನ್ನು ಉಳಿಸಿ ಮುಂದುವರಿಸಿ. ರೀಬೇಸ್ ಆದ ಮೇಲೆ ಪುಶ್ ಮಾಡಲು ಫೋರ್ಸ್ ವಿತ್ ಲೀಸ್ ಬಳಸಿ. ಬರೀ ಫೋರ್ಸ್ ಬೇರೆಯವರ ಕೆಲಸವನ್ನೂ ಅಳಿಸಿಹಾಕಬಹುದು.

ಕೆಲವೊಮ್ಮೆ "ಬೇಡ" ಅನ್ನುತ್ತಾರೆ. ಕಾರಣ ಕೇಳಿ, ಸುಮ್ಮನಾಗಿ. ಲೈಸೆನ್ಸ್ ಇರುವುದರಿಂದ ನಿಮ್ಮ ನಕಲಿನಲ್ಲಿ ನೀವು ಬೇಕಾದ್ದು ಇಟ್ಟುಕೊಳ್ಳಬಹುದು.

ಗಿಟ್‌ಹಬ್ ಇಲ್ಲದ ಕಡೆ

ಎಲ್ಲರೂ ಗಿಟ್‌ಹಬ್‌ನಲ್ಲಿಲ್ಲ. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಗ್ನೋಮ್ ಮತ್ತು ಕೆಡಿಇ, ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬನ್ನು ತಾವೇ ನಡೆಸುತ್ತವೆ, ಅಲ್ಲಿ ಪುಲ್ ರಿಕ್ವೆಸ್ಟ್‌ಗೆ ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ. ಲಿಬ್ರೆ ಆಫೀಸ್ ಮತ್ತು ವಿಕಿಪೀಡಿಯದ ಮೀಡಿಯಾವಿಕಿ ಗೆರಿಟ್ ಅನ್ನುವ ರಿವ್ಯೂ ವ್ಯವಸ್ಥೆ ಬಳಸುತ್ತವೆ, ಅಲ್ಲಿ ಒಂದು ಕಮಿಟ್‌ಗೆ ಒಂದು ರಿವ್ಯೂ. ಲಿನಕ್ಸ್ ಕರ್ನಲ್‌ಗೆ ಪ್ಯಾಚನ್ನು ಈಗಲೂ ಈಮೇಲ್‌ನಲ್ಲೇ ಕಳಿಸಬೇಕು. ಯಾರಿಗೆ ಕಳಿಸಬೇಕು ಅಂತ ಹೇಳುವ ಸ್ಕ್ರಿಪ್ಟ್ ಕರ್ನಲ್ ಜೊತೆಗೇ ಬರುತ್ತದೆ. ದಾರಿ ಬೇರೆಯಾದರೂ ಸಣ್ಣ ಪ್ಯಾಚ್, ಟೆಸ್ಟ್, ಯಾಕೆ ಅನ್ನುವ ಸಂದೇಶ ಎಲ್ಲ ಕಡೆ ಒಂದೇ.

ಸೇರಿದ ಮೇಲೆ

ಒಂದು ಬುಧವಾರ ರಾತ್ರಿ ಪುಲ್ ರಿಕ್ವೆಸ್ಟ್‌ನ ಹಸಿರು ಗುರುತು ನೇರಳೆಯಾಯಿತು. ಮರ್ಜ್ ಆಗಿದೆ, ಮೂಲ ಕೋಡ್‌ಗೆ ಸೇರಿದೆ ಅಂತ ಅರ್ಥ. ಬ್ರಾಂಚ್ ಅಳಿಸಿ, ಅಪ್‌ಸ್ಟ್ರೀಮ್‌ನಿಂದ ಮೇನ್ ಬ್ರಾಂಚನ್ನು ಎಳೆದುಕೊಳ್ಳಿ. ನಿಮ್ಮ ಫೋನಿಗೆ ಬರಲು ಮುಂದಿನ ಬಿಡುಗಡೆವರೆಗೆ ಕಾಯಬೇಕು. ನನಗೆ ಐದು ವಾರ ಹಿಡಿಯಿತು.

ಅಪ್‌ಡೇಟ್ ಬಂದ ದಿನ ಮಗಳ ಟಿಪ್ಪಣಿಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಕೂತೆ. ಎಲ್ಲ ಸರಿಯಾಗಿತ್ತು, ಒಂದು ಬಿಟ್ಟು. ಅವಳ ಪರೀಕ್ಷೆಯ ಟಿಪ್ಪಣಿಯಲ್ಲಿ "ರ‍್ಯಾಂಕ್" ಅನ್ನುವ ಪದ ಇತ್ತು. ಅದರ ಮೊದಲ ಅಕ್ಷರ ಒಡೆದು ಬರೀ "ರ…" ಉಳಿದಿತ್ತು. "ರ‍್ಯಾ" ಬರೆಯಲು ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ಹಾಕುತ್ತೇವೆ. ಅದು ಅಕ್ಷರವೂ ಅಲ್ಲ, ಗುಣಿತದ ಗುರುತೂ ಅಲ್ಲ. ನನ್ನ ಕತ್ತರಿ ಅದನ್ನು ನೋಡಿ ಅಲ್ಲೇ ನಿಂತುಬಿಡುತ್ತದೆ.

ಹೊಸ ಇಶ್ಯೂ ತೆರೆದೆ. ಈ ಸಲ ಬಗ್ ನನ್ನದೇ.